ಸರ್ವಿಸ್ ದಾಖಲೆಯೇ ಇಲ್ಲದ ಹಳೇ ಕಾರನ್ನು ಸರಿಮಾಡಿಕೊಂಡ ಕಥೆ

ನಾನು ಕೊಂಡ ಕಾರಿಗೆ ಹದಿನಾಲ್ಕು ವರ್ಷ ವಯಸ್ಸು. ಪೆಟ್ರೋಲ್ ಎಂಜಿನ್, ಮ್ಯಾನುವಲ್ ಗೇರು, ಮೀಟರಿನಲ್ಲಿ 1,78,000 ಕಿ.ಮೀ. ಕಾರಿನ ಜೊತೆ ಕೈಗೆ ಬಂದದ್ದು ನೋಂದಣಿ ಪತ್ರ, ವಿಮೆಯ ಕಾಗದ, ಒಂದೇ ಒಂದು ಕೀ. ಸರ್ವಿಸ್ ಪುಸ್ತಕ ಇರಲಿಲ್ಲ, ಹಳೇ ಬಿಲ್ಲು ಒಂದೂ ಇರಲಿಲ್ಲ. ಮಾರಿದವರು ಮೂರನೆಯ ಮಾಲೀಕರು. "ಆಯಿಲ್ ಎಲ್ಲ ಸರಿಯಾಗಿ ಬದಲಾಯಿಸಿಕೊಂಡು ಬಂದಿದ್ದೀನಿ" ಅಂದರು. ಯಾವಾಗ, ಎಷ್ಟು ಕಿಲೋಮೀಟರಿಗೆ ಅಂತ ಕೇಳಿದರೆ ನೆನಪಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಹಿಂದಿನವರು ಏನೂ ಕೊಟ್ಟಿರಲಿಲ್ಲ. ಎಂಜಿನ್ ಸದ್ದು ಚೆನ್ನಾಗಿತ್ತು, ಕಾರಿನ ಮೈಗೆ ತುಕ್ಕು ಹತ್ತಿರಲಿಲ್ಲ, ಬೆಲೆ ನನ್ನ ಕೈಗೆಟುಕುವ ಹಾಗಿತ್ತು. ಅಲ್ಲಿಂದ ಮುಂದೆ, ಮನೆಯವರನ್ನು ಕೂರಿಸಿಕೊಂಡು ದೂರದ ಊರಿಗೆ ಹೊರಡುವ ಧೈರ್ಯ ಬರುವಷ್ಟರಲ್ಲಿ ತಿಂಗಳುಗಳೇ ಕಳೆದವು. ಇಂಥದ್ದೇ ಕಾರು ಕೊಂಡು ಎಲ್ಲಿಂದ ಶುರು ಮಾಡುವುದು ಅಂತ ಕೂತಿರುವವರಿಗಾಗಿ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮೊದಲು ಹಿಡಿದದ್ದು ಕಾಗದದ ಜಾಡು. ಕಾರಿನ 17 ಅಕ್ಷರ-ಅಂಕಿಗಳ ಚಾಸಿ ನಂಬರನ್ನು ಬರೆದುಕೊಂಡು ಆ ಕಂಪನಿಯ ಸರ್ವಿಸ್ ಸೆಂಟರಿಗೆ ಹೋದೆ. ಹಳೇ ಮಾಲೀಕರ ಹೆಸರು ವಿಳಾಸ ಕೊಡಲು ಬರುವುದಿಲ್ಲ, ಆದರೆ ಏನೇನು ಕೆಲಸ ಆಗಿದೆ ಅಂತ ನೋಡಿ ಹೇಳಬಹುದು ಅಂದರು. ಆ "ನೋಡಿ ಹೇಳುವುದಕ್ಕೆ" ಸಾಕಷ್ಟು ಕಾಯಬೇಕಾಯಿತು. ಫೋನ್ ಮಾಡಿ, ಮತ್ತೆ ಹೋಗಿ, ಮತ್ತೆ ಫೋನ್ ಮಾಡಿ ಕೊನೆಗೊಮ್ಮೆ ಪಟ್ಟಿ ಸಿಕ್ಕಿತು. 86,000 ಕಿ.ಮೀ. ತನಕ ಎಲ್ಲ ಸರ್ವಿಸೂ ಹೊತ್ತಿಗೆ ಸರಿಯಾಗಿ ಆಗಿತ್ತು. ಅಲ್ಲಿಂದಾಚೆಗೆ ಒಂದು ಸಾಲೂ ಇಲ್ಲ. ತೊಂಬತ್ತು ಸಾವಿರ ಕಿಲೋಮೀಟರಿನ ಖಾಲಿ ಜಾಗ. ಆ ಹಾಳೆಯನ್ನು ನೋಡಿದಾಗ ಎದೆ ಸ್ವಲ್ಪ ಕುಸಿಯಿತು ನಿಜ, ಆದರೆ ಎರಡು ಸಂಗತಿ ಖಚಿತವಾದವು: ಮೀಟರನ್ನು ಆ ಹೊತ್ತಿನ ತನಕವಂತೂ ಯಾರೂ ತಿರುಗಿಸಿಲ್ಲ, ಮತ್ತು ಟೈಮಿಂಗ್ ಬೆಲ್ಟನ್ನು (ಪಿಸ್ಟನ್ನೂ ವಾಲ್ವೂ ಒಂದೇ ತಾಳಕ್ಕೆ ಓಡುವಂತೆ ನೋಡಿಕೊಳ್ಳುವ ಹಲ್ಲಿನ ಪಟ್ಟಿ) ಅವರ ಹತ್ತಿರ ಯಾವತ್ತೂ ಬದಲಾಯಿಸಿಲ್ಲ. ನೀವೂ ಈ ಪ್ರಯತ್ನ ಮಾಡಿ, ಸಾಧ್ಯವಾದರೆ ಕಾರು ಕೊಳ್ಳುವ ಮೊದಲೇ ಮಾಡಿ. ಹಳೆಯ ವಿಮೆ ಕಾಗದ, ತಪಾಸಣೆಯ ಪತ್ರಗಳಲ್ಲಿ ಕೆಲವೊಮ್ಮೆ ಮೀಟರ್ ಓದು ನಮೂದಾಗಿರುತ್ತದೆ; ಅದನ್ನೂ ಬಿಡಬೇಡಿ.

ಕಾಗದ ಸುಮ್ಮನಾದ ಕಡೆ ಕಾರೇ ಒಂದಿಷ್ಟು ಹೇಳಿತು. ಟೈರಿನ ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಒತ್ತಿರುತ್ತಾರೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ನನ್ನ ಕಾರಿನ ಹಿಂಚಕ್ರದ ಟೈರುಗಳಲ್ಲಿ 3714 ಅಂತ ಇತ್ತು, ಅಂದರೆ 2014ರ 37ನೇ ವಾರ ತಯಾರಾದದ್ದು. ಕಿಟಕಿ ಗಾಜುಗಳ ಮೂಲೆಯಲ್ಲಿರುವ ಗುರುತನ್ನು ಒಂದೊಂದಾಗಿ ನೋಡುತ್ತಾ ಹೋದರೆ, ಎಡಗಡೆಯ ಹಿಂಬಾಗಿಲಿನ ಗಾಜು ಬೇರೆ ಕಂಪನಿಯದು. ಆ ಬಾಗಿಲಿನ ಒಳಅಂಚಿನ ಬಣ್ಣವನ್ನು ಬೆಳಕು ಹಾಕಿ ನೋಡಿದರೆ ತುಸು ದಪ್ಪ. ಯಾವಾಗಲೋ ಪಕ್ಕದಿಂದ ಪೆಟ್ಟು ತಿಂದಿದೆ. ಸೀಟ್ ಬೆಲ್ಟುಗಳ ಬುಡದ ಚೀಟಿಯಲ್ಲಿರುವ ತಯಾರಿಕೆಯ ದಿನಾಂಕ ನಾಲ್ಕರಲ್ಲೂ ಕಾರಿನ ವರ್ಷಕ್ಕೆ ಹೊಂದುತ್ತಿತ್ತು, ಹಾಗಾಗಿ ದೊಡ್ಡ ಅಪಘಾತ ಆಗಿರಲಾರದು ಅಂತ ಸಮಾಧಾನಪಟ್ಟೆ. ಪೆಡಲ್ ರಬ್ಬರು, ಸ್ಟೀರಿಂಗ್ ಚರ್ಮ, ಡ್ರೈವರ್ ಸೀಟಿನ ಅಂಚು ಸವೆದ ರೀತಿ ಮೀಟರಿನ ಅಂಕಿಗೆ ತಕ್ಕ ಹಾಗೇ ಇತ್ತು. ಬಾನೆಟ್ ಕೆಳಗೆ ಆಯಿಲ್ ಬದಲಾಯಿಸಿದ ಸ್ಟಿಕ್ಕರ್ ಒಂದಿತ್ತು, ಬಿಸಿಲಿಗೆ ಅಕ್ಷರ ಮಾಸಿಹೋಗಿತ್ತು.

ಇಷ್ಟಾದ ಮೇಲೆ ಒಂದು ನಿಯಮ ಮಾಡಿಕೊಂಡೆ: ದಾಖಲೆ ಇಲ್ಲದ ಕೆಲಸ ಆಗಿಲ್ಲ ಅಂತಲೇ ಲೆಕ್ಕ. ಯಾರ ಬಾಯಿಮಾತನ್ನೂ ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಮೊದಲು ಜೀವಕ್ಕೆ ಸಂಬಂಧಪಟ್ಟದ್ದು, ಆಮೇಲೆ ಎಂಜಿನ್ನನ್ನು ಒಂದೇ ಏಟಿಗೆ ಹಾಳುಮಾಡಬಲ್ಲದ್ದು, ಉಳಿದದ್ದೆಲ್ಲ ಕೊನೆಗೆ. ನನ್ನ ಮೆಕ್ಯಾನಿಕ್ ಒಳ್ಳೆಯ ಕೆಲಸಗಾರರು, ಆದರೆ ಅವರಿಗೆ ಎಲ್ಲವನ್ನೂ ಒಂದೇ ಸಲ ಮಾಡಿ ಮುಗಿಸುವ ಅವಸರ. "ಹೇಗೂ ಬಿಚ್ತೀವಲ್ಲ ಸಾರ್, ಎಲ್ಲಾ ಒಟ್ಟಿಗೆ ಹಾಕಿಬಿಡೋಣ" ಅಂದರು. ನಾನು ಒಪ್ಪಲಿಲ್ಲ. ಹತ್ತು ಭಾಗ ಒಂದೇ ದಿನ ಬದಲಾಯಿಸಿ ಮರುದಿನ ಹೊಸ ಸದ್ದು ಬಂದರೆ, ಅದು ಯಾವುದರಿಂದ ಅಂತ ಹುಡುಕುವುದು ಹೇಗೆ? ಒಂದು ಕೆಲಸ, ಆಮೇಲೆ ಕೆಲವು ದಿನ ಓಡಾಟ, ಆಮೇಲೆ ಇನ್ನೊಂದು ಅಂತ ತೀರ್ಮಾನವಾಯಿತು. ಸಮಯ ಹೆಚ್ಚು ಹಿಡಿಯಿತು, ಆದರೆ ಈ ಕಾರಿನ ಒಂದೊಂದು ಭಾಗವೂ ನನಗೆ ಪರಿಚಯವಾದದ್ದು ಹಾಗೆಯೇ.

ಬ್ರೇಕಿನಿಂದ ಶುರು. ಡಬ್ಬಿಯಲ್ಲಿದ್ದ ಬ್ರೇಕ್ ಆಯಿಲ್ ಕಪ್ಪಗಾಗಿತ್ತು. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದ ಇಳಿಜಾರಿನಲ್ಲಿ ಬ್ರೇಕು ಕಾದು ಆಯಿಲ್ ಕುದಿದರೆ ಪೆಡಲ್ ನೆಲಕ್ಕೇ ಹೋಗಿ ಕೂರುತ್ತದೆ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಇದನ್ನು ಪೂರ್ತಿ ಬದಲಾಯಿಸಬೇಕು ಅನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಲ್ಲಿ ಮೊದಲ ಅಡ್ಡಿ ಎದುರಾಯಿತು. ಹಿಂದಿನ ಬಲ ಚಕ್ರದ ಬ್ಲೀಡರ್ ನಿಪ್ಪಲ್ (ಹಳೇ ಆಯಿಲ್ ಹೊರಬಿಡುವ ಸಣ್ಣ ತಿರುಪು) ತುಕ್ಕು ಹಿಡಿದು ಅಲುಗಲೇ ಇಲ್ಲ. ಬಲ ಹಾಕಿದರೆ ಮುರಿಯುತ್ತದೆ, ಮುರಿದರೆ ವೀಲ್ ಸಿಲಿಂಡರೇ (ಆಯಿಲಿನ ಒತ್ತಡದಿಂದ ಬ್ರೇಕ್ ಶೂಗಳನ್ನು ತಳ್ಳುವ ಭಾಗ) ಹೊಸದು ಬೇಕು. ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ರಾತ್ರಿಯೆಲ್ಲ ಹಾಗೇ ಬಿಟ್ಟರು. ಮರುದಿನ ನಿಪ್ಪಲ್ ಬಂತು, ಆದರೆ ಡ್ರಮ್ ತೆಗೆದಾಗ ಒಳಗೆ ಒದ್ದೆ. ವೀಲ್ ಸಿಲಿಂಡರಿನ ರಬ್ಬರ್ ಸೀಲು ಸೋರಿ, ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಬ್ರೇಕ್ ಶೂಗೆ ಎಣ್ಣೆ ಹತ್ತಿತ್ತು. ಈ ಚಕ್ರದಲ್ಲಿ ಬ್ರೇಕು ಅರ್ಧವೂ ಹಿಡಿಯುತ್ತಿರಲಿಲ್ಲ, ಪೆಡಲ್ ಒತ್ತಿದರೆ ಮಾತ್ರ ಯಾವ ವ್ಯತ್ಯಾಸವೂ ಗೊತ್ತಾಗುತ್ತಿರಲಿಲ್ಲ. ಎರಡೂ ಬದಿಯ ಸಿಲಿಂಡರು, ಶೂ ಹೊಸದು ಹಾಕಿಸಿದೆ. ಒಂದು ಬದಿಗೆ ಮಾತ್ರ ಹಾಕಿಸುವ ಉಳಿತಾಯ ಬೇಡ. ಬ್ರೇಕು ಒಂದು ಕಡೆಗೆ ಎಳೆಯುತ್ತದೆ.

ಟೈರಿನ ವಿಷಯದಲ್ಲಿ ಗ್ಯಾರೇಜಿನಲ್ಲೇ ಚರ್ಚೆಯಾಯಿತು. ಹಿಂದಿನ ಟೈರುಗಳ ಗ್ರಿಪ್ ಇನ್ನೂ ಆಳವಾಗಿತ್ತು, ಹಾಗಾಗಿ ಓಡಿಸಬಹುದು ಅಂದರು. ಆದರೆ ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ರಬ್ಬರು ಓಡದಿದ್ದರೂ ಮುಪ್ಪಾಗುತ್ತದೆ. ಗ್ರಿಪ್ 1.6 ಮಿ.ಮೀ.ಗೆ ಬಂದರೆ ಟೈರ್ ಮುಗಿಯಿತು ಅನ್ನುವುದು ಒಂದು ಅಳತೆ ಮಾತ್ರ, ವಯಸ್ಸು ಇನ್ನೊಂದು. ಹತ್ತು ವರ್ಷ ದಾಟಿದ್ದನ್ನು ನಾನು ಇಟ್ಟುಕೊಳ್ಳುವುದಿಲ್ಲ. ಎರಡೇ ಹೊಸ ಟೈರ್ ಕೊಳ್ಳುವವರು ಅವನ್ನು ಹಿಂದಿನ ಚಕ್ರಕ್ಕೆ ಹಾಕಿಸಿ. ಮುಂದಿನ ಚಕ್ರ ಎಳೆಯುವ ಕಾರಾದರೂ ಇದೇ ಸರಿ, ಏಕೆಂದರೆ ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿದರೆ ಕಾರನ್ನು ಹಿಡಿದುಕೊಳ್ಳುವುದು ಬಹಳ ಕಷ್ಟ.

ಇನ್ನು ಎಂಜಿನ್. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗೆ ಬೆಳಕು ಬಿಟ್ಟರೆ ಕಂದು ಬಣ್ಣದ ಅಂಟು ಪದರ ಕಾಣುತ್ತಿತ್ತು. ಆಯಿಲ್ ಬದಲಾವಣೆಗಳು ತಡವಾಗಿವೆ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಹಾಲಿನ ಕೆನೆಯ ಬಣ್ಣದ ನೊರೆ ಇಲ್ಲದ್ದು ನೆಮ್ಮದಿ ತಂದಿತು. ಅದು ಇದ್ದರೆ ಕೂಲೆಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) ಆಯಿಲಿಗೆ ಸೇರುತ್ತಿರುವ ಅನುಮಾನ ಬರುತ್ತದೆ. ಫ್ಲಶ್ (ಜಿಡ್ಡು ಕರಗಿಸುವ ದ್ರವ) ಹಾಕಿ ಒಂದೇ ಸಲಕ್ಕೆ ತೊಳೆದುಬಿಡೋಣ ಅನ್ನುವ ಸಲಹೆ ಬಂತು. ಇಂಥ ಎಂಜಿನ್ನಿನಲ್ಲಿ ನನಗದು ಬೇಡವೆನಿಸಿತು. ವರ್ಷಗಟ್ಟಲೆ ಕೂತಿದ್ದ ಜಿಡ್ಡು ಒಮ್ಮೆಲೇ ಕಿತ್ತು ಬಂದರೆ ತಳದಲ್ಲಿರುವ ಆಯಿಲ್ ಪಂಪಿನ ಜಾಲರಿಗೆ ಅಡರಿಕೊಳ್ಳುತ್ತದೆ; ಆಯಿಲ್ ಮೇಲೆ ಹೋಗದಿದ್ದರೆ ಬೇರಿಂಗುಗಳು ಉಳಿಯುವುದಿಲ್ಲ. ಮ್ಯಾನುವಲ್‌ನಲ್ಲಿ (ಕಾರಿನ ಕೈಪಿಡಿಯಲ್ಲಿ) ಹೇಳಿದ ದರ್ಜೆಯ ಒಳ್ಳೆಯ ಆಯಿಲನ್ನೇ ಹಾಕಿಸಿ, ಮೊದಲ ಸಲ 1,500 ಕಿ.ಮೀ.ಗೆ, ಆಮೇಲೆ 3,000ಕ್ಕೆ ಬದಲಾಯಿಸಿದೆ. ಪ್ರತಿ ಸಲ ಹಳೇ ಫಿಲ್ಟರನ್ನು ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಿದೆವು. ಕಪ್ಪು ಕಸ ಬಂದಿತ್ತು, ಮಿನುಗುವ ಲೋಹದ ಚೂರು ಬರಲಿಲ್ಲ. ನಿಧಾನವಾಗಿ ತೊಳೆಯುವುದಕ್ಕೆ ತಾಳ್ಮೆ ಬೇಕು, ಆದರೆ ಎಂಜಿನ್ನಿಗೆ ಅದೇ ಕ್ಷೇಮ.

ಸ್ಪಾರ್ಕ್ ಪ್ಲಗ್ ಬದಲಾಯಿಸಲು ಬಿಚ್ಚಿದ್ದಾಗಲೇ ಕಂಪ್ರೆಷನ್ ಟೆಸ್ಟ್ (ಸಿಲಿಂಡರಿನೊಳಗೆ ಎಷ್ಟು ಒತ್ತಡ ಹುಟ್ಟುತ್ತದೆ ಅನ್ನುವ ಪರೀಕ್ಷೆ) ಮಾಡಿಸಿದೆ. ನಾಲ್ಕೂ ಸಿಲಿಂಡರಿನಲ್ಲಿ 11.5ರಿಂದ 12 ಬಾರ್. ಇಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಸಿಲಿಂಡರುಗಳ ನಡುವಿನ ಅಂತರ. ಒಂದು ಮಾತ್ರ ತುಂಬಾ ಕೆಳಗಿದ್ದರೆ ವಾಲ್ವೋ ರಿಂಗೋ ಗ್ಯಾಸ್ಕೆಟ್ಟೋ ಹೋಗಿದೆ ಅಂತ ಅರ್ಥ. ಮುಂದಿನ ದೊಡ್ಡ ಖರ್ಚುಗಳನ್ನು ಮಾಡುವ ಮೊದಲು ಈ ಪರೀಕ್ಷೆ ಆಗಲೇಬೇಕು. ಕಂಪ್ರೆಷನ್ ಇಲ್ಲದ ಎಂಜಿನ್ನಿಗೆ ಹೊಸ ಟೈಮಿಂಗ್ ಬೆಲ್ಟ್ ಹಾಕಿ ಏನು ಪ್ರಯೋಜನ?

ನನಗೆ ಅತಿ ಹೆಚ್ಚು ಸಮಯ, ನಿದ್ದೆ ತಿಂದದ್ದು ಕೂಲೆಂಟಿನ ಕೆಲಸ. ರೇಡಿಯೇಟರಿನಿಂದ ಇಳಿದದ್ದು ಕೂಲೆಂಟ್ ಅಲ್ಲವೇ ಅಲ್ಲ, ಕೆಮ್ಮಣ್ಣು ಕದಡಿದ ಹಾಗಿದ್ದ ನೀರು. ಯಾರೋ ವರ್ಷಗಟ್ಟಲೆ ಬರೀ ನಲ್ಲಿ ನೀರನ್ನೇ ತುಂಬಿಸಿಕೊಂಡು ಬಂದಿದ್ದಾರೆ. ಕೂಲೆಂಟಿನಲ್ಲಿ ಇರುವುದು ಕುದಿಯುವ ಮಟ್ಟ ಏರಿಸುವ ಗುಣ ಮಾತ್ರವಲ್ಲ. ಒಳಗಿನ ಲೋಹ ತುಕ್ಕು ಹಿಡಿಯದಂತೆ ಕಾಯುವುದೂ ಅದೇ. ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಾಕಿ ಎಂಜಿನ್ ಶಾಖ ನೋಡುತ್ತಾ ಓಡಿಸಿದಾಗ ಇನ್ನೊಂದು ವಿಚಿತ್ರ ಕಂಡಿತು. ಎಷ್ಟು ದೂರ ಹೋದರೂ ಶಾಖ 65 ಡಿಗ್ರಿ ದಾಟುತ್ತಿಲ್ಲ. ಇಂಥ ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ (ಎಂಜಿನ್ ಕಾಯುವ ತನಕ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ಬಾಗಿಲು) ತೆರೆದುಕೊಳ್ಳುವುದೇ 80ರ ಮೇಲೆ. ಹೌಸಿಂಗ್ ಬಿಚ್ಚಿದರೆ ಒಳಗೆ ಥರ್ಮೋಸ್ಟಾಟೇ ಇಲ್ಲ. ಯಾವಾಗಲೋ ಕಾರು ಬಿಸಿಯಾದಾಗ, ರೋಗ ಏನು ಅಂತ ನೋಡದೆ ಅದನ್ನು ಕಿತ್ತೆಸೆದಿದ್ದಾರೆ. ಹಾಗೆ ಮಾಡಿದರೆ ಎಂಜಿನ್ ಕೆಲಸದ ಶಾಖಕ್ಕೆ ಬರುವುದೇ ಇಲ್ಲ, ಕಂಪ್ಯೂಟರು ತಣ್ಣಗಿನ ಎಂಜಿನ್ನಿಗೆ ಕೊಡುವಂತೆ ಹೆಚ್ಚು ಪೆಟ್ರೋಲ್ ಕೊಡುತ್ತಲೇ ಇರುತ್ತದೆ, ಸವೆತವೂ ಹೆಚ್ಚು. ಮೈಲೇಜ್ ಕಡಿಮೆ ಬರುತ್ತಿದ್ದದ್ದಕ್ಕೆ ಕಾರಣ ಸಿಕ್ಕಿತು.

ನೀರು ತಿಳಿಯಾಗುವ ತನಕ ಡಿಸ್ಟಿಲ್ಡ್ ನೀರಿನಲ್ಲಿ ಮತ್ತೆ ಮತ್ತೆ ತೊಳೆದೆವು. ಹೊಸ ಥರ್ಮೋಸ್ಟಾಟ್, ರೇಡಿಯೇಟರ್ ಮುಚ್ಚಳ, ಊದಿಕೊಂಡಿದ್ದ ಎರಡು ಹೋಸ್, ಮ್ಯಾನುವಲ್ ಹೇಳಿದ ಬಗೆಯ ಕೂಲೆಂಟ್. ಬಣ್ಣ ಒಂದೇ ಅಂತ ಬೇರೆ ಬಗೆಯ ಕೂಲೆಂಟ್ ಬೆರೆಸಬೇಡಿ. ಬಣ್ಣಕ್ಕೂ ರಾಸಾಯನಿಕಕ್ಕೂ ಯಾವ ಕಟ್ಟುಪಾಡೂ ಇಲ್ಲ. ಸಿಸ್ಟಮ್ಮಿನಿಂದ ಗಾಳಿ ಪೂರ್ತಿ ಹೊರಗೆ ಬಂತೇ ಅಂತಲೂ ನೋಡಿಕೊಳ್ಳಿ. ಎಲ್ಲ ಸರಿಯಾಯಿತು ಅಂತ ಉಸಿರುಬಿಟ್ಟ ಕೆಲವೇ ದಿನಗಳಲ್ಲಿ ಕಾರು ನಿಂತ ಜಾಗದಲ್ಲಿ ಹಸಿರು ಹನಿಗಳು. ವಾಟರ್ ಪಂಪಿನಿಂದ ಸೋರಿಕೆ. ಇಷ್ಟು ದಿನ ಸವೆದ ಸೀಲಿನ ಸಂದಿಯನ್ನು ತುಕ್ಕೇ ಮುಚ್ಚಿಕೊಂಡಿತ್ತು, ತೊಳೆದ ಮೇಲೆ ಸಂದಿ ಬಾಯಿಬಿಟ್ಟಿತು. ಹಳೇ ಕಾರಿನಲ್ಲಿ ಒಂದನ್ನು ಸರಿಮಾಡಿದಾಗ ಇನ್ನೊಂದರ ದೌರ್ಬಲ್ಯ ಹೊರಬರುವುದು ಸಾಮಾನ್ಯ. ಆ ಸಂಜೆ ನಿಜವಾಗಿ ಬೇಸರವಾಗಿತ್ತು, ಮಾರಿಬಿಡೋಣವೇ ಅನ್ನುವ ಯೋಚನೆಯೂ ಬಂತು.

ಆದರೆ ಈ ಎಂಜಿನ್ನಿನಲ್ಲಿ ವಾಟರ್ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟೇ. ಹೇಗೂ ಪಟ್ಟಿಯಲ್ಲಿ ಮುಂದಿನದು ಅದೇ ಆಗಿತ್ತು. ಬೆಲ್ಟ್ ಬದಲಾಯಿಸುವ ಅವಧಿ ಕಾರಿನಿಂದ ಕಾರಿಗೆ ಬೇರೆ; ನನ್ನದಕ್ಕೆ ಮ್ಯಾನುವಲ್ ಹೇಳುವುದು 1,00,000 ಕಿ.ಮೀ. ಬಹಳಷ್ಟು ಎಂಜಿನ್ನುಗಳಲ್ಲಿ ಈ ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತದೆ, ವಾಲ್ವುಗಳು ಬಾಗುತ್ತವೆ, ಹೆಡ್ ಇಳಿಸಬೇಕಾಗುತ್ತದೆ. ಹಳೇ ಕಾರಿಗೆ ಆ ಖರ್ಚು ಕಾರಿನ ಬೆಲೆಯನ್ನೇ ಮುಟ್ಟಬಹುದು. ಮೇಲಿನ ಕವರ್ ತೆಗೆದಾಗ ಬೆಲ್ಟ್ ಕಣ್ಣಿಗೆ ಚೆನ್ನಾಗಿಯೇ ಇತ್ತು. ಅದನ್ನು ನಂಬಬೇಡಿ. ಒಳಗಿನ ದಾರ ದಣಿದಿರುವುದು ಹೊರಗೆ ಕಾಣುವುದಿಲ್ಲ. ಕೆಳಗಿನ ಕವರನ್ನೂ ತೆಗೆದ ಮೇಲೆ ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟಿನ ಆಯಿಲ್ ಸೀಲ್ ಒಸರಿ ಬೆಲ್ಟಿನ ಅಂಚು ಎಣ್ಣೆಯಲ್ಲಿ ನೆಂದಿದ್ದು ಕಂಡಿತು. ರಬ್ಬರಿಗೆ ಎಣ್ಣೆ ಶತ್ರು. ಇನ್ನೆಷ್ಟು ದೂರ ಬರುತ್ತಿತ್ತೋ.

ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ದಾರಿಯಲ್ಲಿಡುವ ಗಾಲಿ ಐಡ್ಲರ್, ವಾಟರ್ ಪಂಪ್, ಕ್ಯಾಮ್ ಮತ್ತು ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಸೀಲುಗಳು ಎಲ್ಲಕ್ಕೂ ಒಟ್ಟಿಗೆ ಆರ್ಡರ್ ಕೊಟ್ಟೆವು. ಒಂದೊಂದಾಗಿ ಮಾಡಬೇಕು ಅನ್ನುವ ನನ್ನ ನಿಯಮಕ್ಕೆ ಇದು ಹೊರತು: ಇವಕ್ಕೆಲ್ಲ ಮಜೂರಿ ಒಂದೇ, ಒಂದನ್ನು ಬಿಟ್ಟರೆ ಅದಕ್ಕಾಗಿ ಮತ್ತೆ ಅಷ್ಟನ್ನೂ ಬಿಚ್ಚಬೇಕು. ಭಾಗಗಳು ಬರುವ ತನಕ ಕಾರು ಬಿಚ್ಚಿದ ಸ್ಥಿತಿಯಲ್ಲೇ ನಿಂತಿತ್ತು. ಬಂದ ಮೇಲೆ ನೋಡಿದರೆ ಟೆನ್ಷನರಿನ ಬೋಲ್ಟ್ ತೂತು ಹೊಂದುತ್ತಿಲ್ಲ. ಅದೇ ಮಾಡೆಲ್, ಅದೇ ವರ್ಷ, ಆದರೆ ಕಂಪನಿಯವರು ವರ್ಷದ ನಡುವೆ ವಿನ್ಯಾಸ ಬದಲಿಸಿದ್ದರು. ಮತ್ತೆ ಆರ್ಡರ್, ಮತ್ತೆ ಕಾಯುವುದು. ಮಾಡೆಲ್ ಹೆಸರು ಮತ್ತು ವರ್ಷ ಹೇಳಿದರೆ ಸಾಲದು. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಕೊಟ್ಟು ಭಾಗದ ನಂಬರನ್ನು ಅಂಗಡಿಯವರಿಂದ ಬರೆಸಿಕೊಳ್ಳಿ. ಜೋಡಣೆಯಾದ ಮೇಲೆ ಸ್ಟಾರ್ಟ್ ಮಾಡುವ ಮೊದಲು ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ ಟೈಮಿಂಗ್ ಗುರುತುಗಳು ಮತ್ತೆ ಕೂಡಿದವೇ ಅಂತ ನೋಡಬೇಕು. ನನ್ನ ಮೆಕ್ಯಾನಿಕ್ ನಾನು ಕೇಳುವ ಮೊದಲೇ ಅದನ್ನು ಮಾಡಿದರು, ಅವರ ಮೇಲಿನ ಗೌರವ ಇನ್ನಷ್ಟು ಹೆಚ್ಚಿತು. ಎಂಜಿನ್ ಸ್ಟಾರ್ಟ್ ಆಗಿ ಸದ್ದು ಹದಕ್ಕೆ ಬಂದಾಗ ಇಬ್ಬರೂ ಮಾತಾಡದೆ ನಿಂತು ಕೇಳಿದೆವು. ಶಾಖ 88 ಡಿಗ್ರಿಗೆ ಬಂದು ಅಲ್ಲೇ ನಿಂತಿತು.

ಆಮೇಲಿನ ಚೆಕ್ ಎಂಜಿನ್ ದೀಪದ ಪ್ರಸಂಗವನ್ನು ಬೇಗ ಹೇಳುತ್ತೇನೆ. ದೀಪ ಹತ್ತಿತು, ಸ್ಕ್ಯಾನರಿನಲ್ಲಿ ಪಿ0171 ಅಂತ ಬಂತು: ಮಿಶ್ರಣದಲ್ಲಿ ಪೆಟ್ರೋಲಿಗಿಂತ ಗಾಳಿ ಹೆಚ್ಚು. ಬೇರೊಂದು ಗ್ಯಾರೇಜಿನಲ್ಲಿ ಕೇಳಿದರೆ ಆಕ್ಸಿಜನ್ ಸೆನ್ಸರ್ ಹೋಗಿದೆ, ಬದಲಾಯಿಸಿ ಅಂದರು, ಅದು ದುಬಾರಿ ಭಾಗ. ಕೋಡ್ ಹೇಳುವುದು ಲಕ್ಷಣವನ್ನು, ಯಾವ ಭಾಗ ಕೆಟ್ಟಿದೆ ಅಂತ ಅಲ್ಲ. ಇನ್‌ಟೇಕಿಗೆ (ಎಂಜಿನ್ನಿಗೆ ಗಾಳಿ ಹೋಗುವ ದಾರಿ) ಹೊಗೆ ಬಿಟ್ಟು ನೋಡುವ ಪರೀಕ್ಷೆ ಮಾಡಿಸಿದರೆ ಒಂದು ಬೆರಳುದ್ದದ ರಬ್ಬರ್ ಪೈಪು ಗಟ್ಟಿಯಾಗಿ ಸೀಳಿತ್ತು, ಅಲ್ಲಿಂದ ಹೊಗೆ ಎದ್ದಿತು. ಪೈಪಿನ ಬೆಲೆ ಸೆನ್ಸರಿನ ಬೆಲೆಯ ಮುಂದೆ ಲೆಕ್ಕಕ್ಕೇ ಇಲ್ಲ. ಕಾರು ಕೊಳ್ಳುವಾಗ ನೋಡಬೇಕಾದ ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ಕೀ ಆನ್ ಮಾಡಿದಾಗ ಈ ದೀಪ ಹತ್ತಲೇಬೇಕು, ಎಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತದೇ ಇದ್ದರೆ ಯಾರೋ ಅದನ್ನು ಕತ್ತರಿಸಿರಬಹುದು. ಸ್ಕ್ಯಾನರಿನಲ್ಲಿ ರೆಡಿನೆಸ್ ಪರೀಕ್ಷೆಗಳು (ಕಾರಿನ ಕಂಪ್ಯೂಟರು ತಾನೇ ಮಾಡಿಕೊಳ್ಳುವ ತಪಾಸಣೆಗಳು) ಅಪೂರ್ಣ ಅಂತ ತೋರಿಸಿದರೆ, ಇತ್ತೀಚೆಗೆ ಕೋಡ್ ಅಳಿಸಿರಬಹುದು ಅಥವಾ ಬ್ಯಾಟರಿ ಬಿಚ್ಚಿರಬಹುದು.

ಗೇರ್ ಆಯಿಲ್ ಬದಲಾಯಿಸುವವರು ಕೆಳಗಿನ ಡ್ರೈನ್ ಪ್ಲಗ್ ಮುಟ್ಟುವ ಮೊದಲು ಮೇಲಿನ ಫಿಲ್ಲರ್ ಪ್ಲಗ್ ತೆರೆಯುತ್ತದೆಯೇ ನೋಡಿ. ಇಳಿಸಿದ ಮೇಲೆ ತುಂಬಲು ದಾರಿಯಿಲ್ಲದಿದ್ದರೆ ಕಾರು ಅಲ್ಲೇ ನಿಂತಿತು. ನನ್ನದರ ಪ್ಲಗ್ ಬಿಗಿದಿತ್ತು, ಬಿಸಿ ಮಾಡಿ ತೆಗೆಯಬೇಕಾಯಿತು. ಆಯಸ್ಕಾಂತದ ಡ್ರೈನ್ ಪ್ಲಗ್ಗಿಗೆ ಬೂದು ಬಣ್ಣದ ನುಣುಪು ಪುಡಿ ಹತ್ತಿತ್ತು, ಅದು ಸಹಜ ಸವೆತ. ಹಲ್ಲಿನ ಚೂರು ಬಂದಿದ್ದರೆ ಚಿಂತೆ. ಜಿಎಲ್-4 ದರ್ಜೆಯ ಆಯಿಲ್ ಕೇಳುವ ಗೇರ್ ಬಾಕ್ಸಿಗೆ ಅಂಕಿ ದೊಡ್ಡದಿದೆ ಅಂತ ಜಿಎಲ್-5 ಹಾಕಬಾರದು, ಅದರ ಗಂಧಕದ ಅಂಶ ಕೆಲವು ಗೇರ್ ಬಾಕ್ಸುಗಳ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು (ಗೇರು ಸರಾಗವಾಗಿ ಬೀಳಲು ನೆರವಾಗುವ ಉಂಗುರಗಳು) ತಿನ್ನುತ್ತದೆ.

ಒಟ್ಟು ಖರ್ಚು ಕಾರು ಕೊಂಡ ಬೆಲೆಯ ಮೂರರಲ್ಲೊಂದು ಪಾಲಿನ ಹತ್ತಿರ ಬಂತು. ಅದರಲ್ಲಿ ಹೆಚ್ಚಿನದು ಟೈಮಿಂಗ್ ಬೆಲ್ಟಿನ ಕೆಲಸ ಮತ್ತು ಟೈರು. ಬ್ರೇಕ್ ಆಯಿಲ್, ಫಿಲ್ಟರು, ಪ್ಲಗ್ ಇವೆಲ್ಲ ಸೇರಿದರೂ ಅದರ ಮುಂದೆ ಸಣ್ಣ ಮೊತ್ತ. ಇಂಥ ಕಾರು ಕೊಳ್ಳುವಾಗ ಇರುವ ಹಣವನ್ನೆಲ್ಲ ಕಾರಿಗೇ ಸುರಿಯಬೇಡಿ, ಈ ಪಾಲನ್ನು ಮೊದಲೇ ಬೇರೆ ಎತ್ತಿಡಿ. ಶಾಕ್ ಅಬ್ಸಾರ್ಬರ್ ಕೂಡ ಬದಲಾಯಿಸಿ ಅಂದಿದ್ದರು; ಎಣ್ಣೆ ಸೋರಿರಲಿಲ್ಲ, ಟಕ್ ಟಕ್ ಸದ್ದು ಬರುತ್ತಿದ್ದದ್ದು ಸ್ಟೆಬಿಲೈಸರ್ ಲಿಂಕಿನಿಂದ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳಿನ ಕೊಂಡಿ), ಅದನ್ನಷ್ಟೇ ಹಾಕಿಸಿದೆ. ಸದ್ದು ನಿಂತಿತು.

ಈಗ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ನೋಟ್ ಪುಸ್ತಕವಿದೆ. ಪ್ರತಿ ಕೆಲಸಕ್ಕೂ ದಿನಾಂಕ, ಮೀಟರ್ ಓದು, ಭಾಗದ ನಂಬರ್, ಹಾಕಿದ ಆಯಿಲಿನ ದರ್ಜೆ ಬರೆದು ಬಿಲ್ಲನ್ನು ಪಕ್ಕಕ್ಕೆ ಅಂಟಿಸಿದ್ದೇನೆ, ಬಿಲ್ಲುಗಳ ಫೋಟೋ ಬೇರೆ ಇದೆ. ಹೊಸ ಬೆಲ್ಟಿನ ಕಿ.ಮೀ. ಬರೆದ ಚೀಟಿಯನ್ನು ಟೈಮಿಂಗ್ ಕವರಿನ ಮೇಲೂ ಅಂಟಿಸಿದ್ದೇವೆ. ಕ್ಲಚ್ ಪ್ಲೇಟಿನ ಎದುರಿಗೆ ಇನ್ನೂ "ಗೊತ್ತಿಲ್ಲ" ಅಂತಲೇ ಇದೆ; ಸದ್ಯ ಜಾರುತ್ತಿಲ್ಲ, ಜಾರಲು ಶುರುವಾದರೆ ಆಗ ನೋಡುವುದು. ವೇಗ ಹೆಚ್ಚಿದಂತೆ ಹಿಂದಿನ ಎಡಚಕ್ರದಿಂದ ಸಣ್ಣದಾಗಿ ಗುಂಯ್ ಅನ್ನುವ ಸದ್ದಿದೆ. ಹಿಂದಿನ ಎರಡೂ ಟೈರು ಹೊಸದಾದ್ದರಿಂದ ಅದು ಬೇರಿಂಗೇ ಇರಬೇಕು. ಚಾಸಿ ನಂಬರ್ ಕೊಟ್ಟು ಆರ್ಡರ್ ಮಾಡಿದ್ದೇನೆ, ಬಂದ ಕೂಡಲೇ ಹಾಕಿಸುತ್ತೇನೆ.